ಪೊರಕೆ ಕೋಲಿಗೆ ಸುತ್ತಿದ ಅರ್ಜಿ

ಸೆಪ್ಟೆಂಬರ್ 8 ಎಂದರೆ ನಮಗೆ ಮಾತೆ ಮರಿಯಮ್ಮನವರ ಜನನೋತ್ಸವ. ಒಂಬತ್ತು ದಿನಗಳ ನವೇನ, ಶಿವಾಜಿನಗರದ ತೇರು, ಕರಾವಳಿಯ ದೇವಾಲಯಗಳಲ್ಲಿ ಹೂವಿನ ಬುಟ್ಟಿ ಹಿಡಿದು ಸಾಲಾಗಿ ಬರುವ ಮಕ್ಕಳು, ಬಲಿಪೂಜೆಯ ನಂತರ ಮನೆಗೆ ಒಯ್ಯುವ ಹೊಸ ತೆನೆ. ಈ ಹಬ್ಬದ ಪ್ರಬೋಧನೆಯಲ್ಲಿ ಹೆಣ್ಣುಮಕ್ಕಳ ಗೌರವದ ಬಗ್ಗೆ ನಾಲ್ಕು ಮಾತು ಹೇಳುವುದು ನಮ್ಮ ಗುರುಗಳಲ್ಲಿ ರೂಢಿ. ಈ ಸಲ ಅದೇ ದಿನಾಂಕದಂದು ದೂರದ ಒಂದು ದೇಶದಲ್ಲಿ ನಡೆದ ಚರಿತ್ರೆಯನ್ನು ಓದುಗರ ಮುಂದಿಡಲು ಬಯಸುತ್ತೇನೆ.

1893ರ ಸೆಪ್ಟೆಂಬರ್ 8, ಶುಕ್ರವಾರ. ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್ನಿನಲ್ಲಿ ಸಂಸತ್ತಿನ ಮೇಲ್ಮನೆ ಒಂದು ಮಸೂದೆಯನ್ನು ಮತಕ್ಕೆ ಹಾಕಿತು. ಪರವಾಗಿ 20, ವಿರುದ್ಧವಾಗಿ 18. ಎರಡೇ ಮತಗಳ ಅಂತರದಲ್ಲಿ ಆ ದೇಶದ ಹೆಂಗಸರಿಗೆ ಮತದಾನದ ಹಕ್ಕು ಬಂತು. ಸ್ವಂತ ಆಡಳಿತ ನಡೆಸುತ್ತಿದ್ದ ಒಂದು ದೇಶ ಸಂಸತ್ತಿನ ಚುನಾವಣೆಯಲ್ಲಿ ಹೆಂಗಸರಿಗೆ ಈ ಹಕ್ಕನ್ನು ಕೊಟ್ಟದ್ದು ಲೋಕದಲ್ಲಿ ಅದೇ ಮೊದಲು. ಬ್ರಿಟನ್ನಿನ ಹೆಂಗಸರು ಇದಕ್ಕಾಗಿ 1918ರವರೆಗೆ, ಅಮೆರಿಕದವರು 1920ರವರೆಗೆ ಕಾಯಬೇಕಾಯಿತು. ಸ್ವಿಟ್ಜರ್ಲೆಂಡಿನ ಹೆಂಗಸರು ರಾಷ್ಟ್ರಮಟ್ಟದಲ್ಲಿ ಮತ ಹಾಕಲು 1971 ಬರಬೇಕಾಯಿತು ಎಂದರೆ ಇಂದಿನವರು ನಂಬಲಿಕ್ಕಿಲ್ಲ.

ಆ ಮೇಲ್ಮನೆಯ ಸದಸ್ಯರೆಲ್ಲ ಗಂಡಸರು, ಅದೂ ಸರಕಾರದಿಂದ ನೇಮಕಗೊಂಡವರು. ಅವರನ್ನು ಆ ದಿನದವರೆಗೆ ತಂದು ನಿಲ್ಲಿಸಿದವರು ಯಾರು? ಅರ್ಜಿಯ ಹಾಳೆ ಹಿಡಿದು ಬಾಗಿಲು ಬಾಗಿಲು ತಟ್ಟಿದ ಸಾಮಾನ್ಯ ಹೆಂಗಸರು. ನನಗೆ ಈ ಚರಿತ್ರೆಯಲ್ಲಿ ಹಿಡಿಸಿದ್ದು ಅದೇ.

ನ್ಯೂಜಿಲೆಂಡ್ ಆಗ ಬ್ರಿಟಿಷರ ವಸಾಹತು. ವಲಸೆ ಬಂದ ಇಂಗ್ಲಿಷರು, ಸ್ಕಾಟರು, ಐರಿಷರು ಒಂದು ಕಡೆ, ಆ ನೆಲದ ಮೂಲನಿವಾಸಿಗಳಾದ ಮಾವೊರಿ ಜನ ಇನ್ನೊಂದು ಕಡೆ. ಮಾವೊರಿ ಗಂಡಸರಿಗೆ 1867ರಲ್ಲಿ ಮತ ಬಂದಿತ್ತು. ವಲಸಿಗ ಗಂಡಸರಿಗೆ, ಆಸ್ತಿ ಇರಲಿ ಇಲ್ಲದಿರಲಿ, 1879ರಲ್ಲಿ ಬಂತು. ಹೆಂಗಸರ ಮಾತು ಬಂದಾಗ ಮಾತ್ರ ನಗು. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳಲು ಪೂರ್ತಿ ಕಾನೂನು ಬಂದದ್ದೇ 1884ರಲ್ಲಿ.

ಈ ಚಳವಳಿಯ ಮೊದಲ ದನಿಯನ್ನು ಕೇಳಿ. 1869ರಲ್ಲಿ ಆ ದೇಶದ ಗಂಡಸರನ್ನು ಉದ್ದೇಶಿಸಿದ ಒಂದು ಪುಟ್ಟ ಪುಸ್ತಿಕೆ ಅಚ್ಚಾಯಿತು. ಹೆಂಗಸರಿಗೆ ಮತ ಏಕೆ ಬೇಡ ಎಂದು ಅದು ಕೇಳಿತು. ಬರೆದವರ ಹೆಸರು 'ಫೆಮಿನಾ' ಎಂದಷ್ಟೇ ಇತ್ತು. ನಿಜವಾಗಿ ಬರೆದವರು ಮೇರಿ ಮುಲ್ಲರ್. ಅವರ ಗಂಡನಿಗೆ ಇಂಥ ವಿಚಾರಗಳು ಸೇರುತ್ತಿರಲಿಲ್ಲ. ಹಾಗಾಗಿ ಆಕೆ ಗುಟ್ಟಾಗಿ ಬರೆದರು, ಹೆಸರು ಮುಚ್ಚಿಟ್ಟು ಬರೆದರು. ಒಂದು ದೇಶದ ಹೆಂಗಸರು ಹಕ್ಕು ಕೇಳಿದ ಮೊದಲ ಪುಸ್ತಿಕೆಯಲ್ಲಿ ಕೇಳಿದವಳ ಹೆಸರೇ ಇಲ್ಲ! ಮುಂದೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ನಡೆದದ್ದೆಲ್ಲ ಈ ಹೆಸರು ಮುಚ್ಚಿಡುವ ಕಾಲದಿಂದ ಹೆಸರು ಬರೆದುಕೊಡುವ ಕಾಲಕ್ಕೆ ನಡೆದ ನಡಿಗೆ ಎನ್ನಬಹುದು.

ಆದರೆ ಮತದಾನದ ಹಕ್ಕು ಎಂಬುದು ಪುಸ್ತಿಕೆಯಿಂದ ಬೀದಿಗೆ ಇಳಿದದ್ದು ಬೇರೆಯೇ ದಾರಿಯಿಂದ. ಅದು ಕುಡಿತದ ದಾರಿ. ಚಿನ್ನದ ಗಣಿ, ಬಂದರು, ಮರ ಕಡಿಯುವ ಕಾಡು, ಇವುಗಳ ಸುತ್ತ ಕಟ್ಟಿಕೊಂಡ ಹೊಸ ಊರುಗಳಲ್ಲಿ ಮದ್ಯದಂಗಡಿಗಳಿಗೆ ಕೊರತೆ ಇರಲಿಲ್ಲ. ಬಟವಾಡೆ ದಿನ ಗಂಡನ ಕೂಲಿ ಮನೆ ತಲುಪುವ ಮೊದಲೇ ಕರಗಿ ಹೋದರೆ ಆ ವಾರ ಒಲೆ ಹೇಗೆ ಹೊತ್ತಬೇಕು? ಇದನ್ನು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ವಿವರಿಸಿ ಹೇಳಬೇಕಾಗಿಲ್ಲ.

1885ರಲ್ಲಿ ಅಮೆರಿಕದಿಂದ ಮೇರಿ ಲೆವಿಟ್ ಎಂಬ ಮಹಿಳೆ ನ್ಯೂಜಿಲೆಂಡಿಗೆ ಬಂದರು. ಅವರು 'ಮಹಿಳಾ ಕ್ರೈಸ್ತ ಪಾನನಿರೋಧ ಸಂಘ'ದ ಪ್ರಚಾರಕಿ. ಊರೂರು ಸುತ್ತಿ ಶಾಖೆ ತೆರೆದರು. ಬಿಳಿ ರಿಬ್ಬನ್ ಈ ಸಂಘದ ಗುರುತು. ಸಂಘದವರು ಹೆಚ್ಚಾಗಿ ಪ್ರೊಟೆಸ್ಟೆಂಟ್ ಸಭೆಗಳಿಗೆ ಸೇರಿದವರು. ಆದರೆ ಕುಡಿತ ಬಿಡಿಸುವ ಕೆಲಸ ಅವರೊಬ್ಬರದೇ ಆಗಿರಲಿಲ್ಲ. ಐರ್ಲೆಂಡಿನ ಕಾರ್ಕ್ ನಗರದಲ್ಲಿ ನಮ್ಮ ಕಪುಚಿನ್ ಗುರು ಥಿಯೊಬಾಲ್ಡ್ ಮ್ಯಾಥ್ಯೂ 1838ರಲ್ಲೇ ಜನರಿಂದ ಪಾನತ್ಯಾಗದ ಪ್ರತಿಜ್ಞೆ ಮಾಡಿಸಲು ತೊಡಗಿ ಲಕ್ಷಾಂತರ ಜನರನ್ನು ತಲುಪಿದ್ದರು. ವ್ಯತ್ಯಾಸ ಇಷ್ಟೇ: ಫಾದರ್ ಮ್ಯಾಥ್ಯೂ ಕುಡಿಯುವವನ ಮನಸ್ಸಿಗೆ ಮಾತಾಡಿದರು, ಈ ಹೆಂಗಸರು ಕಾನೂನು ಮಾಡುವವರ ಬಳಿಗೂ ಹೋದರು.

ಹೋಗಿ ಪೆಟ್ಟು ತಿಂದರು ಎನ್ನಬೇಕು. ಮಕ್ಕಳಿಗೆ ಮದ್ಯ ಮಾರಬಾರದು, ಮದ್ಯದಂಗಡಿಯಲ್ಲಿ ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು ಅವರು ಸಂಸತ್ತಿಗೆ ಬರೆದ ಅರ್ಜಿಗಳಿಗೆ ಬೆಲೆ ಸಿಗಲಿಲ್ಲ. ಆಗ ಅವರಿಗೆ ಒಂದು ಸತ್ಯ ಹೊಳೆಯಿತು. ಮತ ಇಲ್ಲದವಳ ಅರ್ಜಿಗೆ ಯಾವ ಸದಸ್ಯನೂ ಹೆದರಬೇಕಾಗಿಲ್ಲ, ಮದ್ಯದ ವ್ಯಾಪಾರಿಗೆ ಮತವೂ ಇದೆ, ಹಣವೂ ಇದೆ. ಹೀಗೆ, ಮನೆ ಉಳಿಸಿಕೊಳ್ಳಲು ಹೊರಟವರು ಮತ ಕೇಳುವವರಾದರು. ಮತ ಕೇಳಿದ ಹೆಂಗಸರು ಮನೆ ಮುರಿಯುವವರು ಎಂದು ಮುಂದೆ ಬಯ್ದವರು ಇದನ್ನು ಗಮನಿಸಲೇ ಇಲ್ಲ.

ಈ ಕೆಲಸದ ಹೊಣೆ ಬಿದ್ದದ್ದು ಕ್ರೈಸ್ಟ್‌ಚರ್ಚ್ ನಗರದ ಕೇಟ್ ಶೆಪರ್ಡ್ ಅವರ ಮೇಲೆ. ಲಿವರ್‌ಪೂಲಿನಲ್ಲಿ ಹುಟ್ಟಿ 1869ರಲ್ಲಿ ತಾಯಿ, ಒಡಹುಟ್ಟಿದವರೊಂದಿಗೆ ಹಡಗಿನಲ್ಲಿ ಬಂದವರು. ಅಂಗಡಿ ವ್ಯಾಪಾರಿಯೊಬ್ಬರನ್ನು ಮದುವೆಯಾದವರು, ಒಬ್ಬ ಮಗನ ತಾಯಿ, ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದವರು. 1887ರಲ್ಲಿ ಸಂಘದ ಮತಾಧಿಕಾರ ವಿಭಾಗದ ಮುಖ್ಯಸ್ಥೆಯಾದರು. ಅವರು ಗುಡುಗುವ ಭಾಷಣಗಾರ್ತಿ ಅಲ್ಲ. ಅವರ ಆಯುಧ ಕಾಗದ. ಕರಪತ್ರ ಬರೆದರು, ಸಂಸತ್ ಸದಸ್ಯರಿಗೆ ಓಲೆ ಬರೆದರು, ಪಾನವಿರೋಧಿ ಪತ್ರಿಕೆಯೊಂದರಲ್ಲಿ 'ಪೆನೆಲೊಪೆ' ಎಂಬ ಹೆಸರಿನಲ್ಲಿ ಹೆಂಗಸರ ಪುಟ ನಡೆಸಿದರು. ಸೈಕಲ್ ಕೂಡ ತುಳಿಯುತ್ತಿದ್ದರು! ಹೆಂಗಸರು ಸೈಕಲ್ ಹತ್ತುವುದೇ ಆ ಕಾಲದಲ್ಲಿ ಅರ್ಧ ಊರಿಗೆ ಅಪರಾಧವಾಗಿ ಕಾಣುತ್ತಿತ್ತು.

ಅವರು ಹಿಡಿದ ಮಾರ್ಗ ಅರ್ಜಿ. ಹಾಳೆಯ ಮೇಲ್ಭಾಗದಲ್ಲಿ ಬೇಡಿಕೆ, ಕೆಳಗೆ ಗೆರೆ ಎಳೆದ ಜಾಗ. ಸಂಘದ ಹೆಂಗಸರು ಅದನ್ನು ಹಿಡಿದು ಮನೆಮನೆಗೆ ನಡೆದರು. ಒಬ್ಬಳು ಹಿಟ್ಟು ಕಲಸುತ್ತಿರುತ್ತಾಳೆ, ಇನ್ನೊಬ್ಬಳಿಗೆ ಗಂಡನ ಭಯ, ಮತ್ತೊಬ್ಬಳು ಇದೆಲ್ಲ ನಮಗೇಕೆ ಎಂದು ಬಾಗಿಲು ಹಾಕುತ್ತಾಳೆ. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವುದು ಸುಲಭ. ಒಬ್ಬೊಬ್ಬಳ ಎದುರು ನಿಂತು ಆಕೆಯ ಕೈಯಿಂದಲೇ ಆಕೆಯ ಹೆಸರು ಬರೆಸುವುದು ಎಷ್ಟು ಕಷ್ಟ ಎಂಬುದು ಧರ್ಮಕೇಂದ್ರದಲ್ಲಿ ಮನೆಭೇಟಿ ಮಾಡಿದ ಯಾರಿಗಾದರೂ ಗೊತ್ತು.

ಬರೀ ಸ್ಥಿತಿವಂತರ ಮನೆಗಳಿಗೆ ಹೋಗಿದ್ದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು. ದಕ್ಷಿಣದ ಡ್ಯುನೆಡಿನ್ ನಗರದಲ್ಲಿ ಬಟ್ಟೆ ಹೊಲಿಯುವ ಹೆಂಗಸರು 1889ರಲ್ಲಿ ತಮ್ಮದೇ ಕಾರ್ಮಿಕ ಸಂಘ ಕಟ್ಟಿಕೊಂಡಿದ್ದರು. ಅದರ ಮುಂದಾಳು ಹ್ಯಾರಿಯಟ್ ಮಾರಿಸನ್ ದುಡಿಯುವ ಹೆಂಗಸರ ನಡುವೆ ಹಾಳೆಗಳನ್ನು ಒಯ್ದರು. ದಿನವಿಡೀ ಹೊಲಿದು ಕಣ್ಣು ಮಂಜಾದವರೂ ಸಹಿ ಹಾಕಿದರು. ಪಾನನಿರೋಧದ ಮಡಿವಂತ ಮಹಿಳೆಯೂ ಕಾರ್ಖಾನೆಯ ಹುಡುಗಿಯೂ ಒಂದೇ ಹಾಳೆಯಲ್ಲಿ ಹೆಸರು ಬರೆದದ್ದು ಈ ಚಳವಳಿಯ ಬಲ ಎಂದು ನನ್ನ ಭಾವನೆ.

1891ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಸಹಿ ಬಂದವು. ಕೆಳಮನೆ ಒಪ್ಪಿತು, ಮೇಲ್ಮನೆ ತಳ್ಳಿಹಾಕಿತು. 1892ರಲ್ಲಿ ಸುಮಾರು ಇಪ್ಪತ್ತು ಸಾವಿರ. ಮತ್ತೆ ಸೋಲು. ಸಂತ ಲೂಕರ ಶುಭಸಂದೇಶದ ಆ ವಿಧವೆ ನೆನಪಾಗುತ್ತಾಳೆ. ದೇವರಿಗೂ ಹೆದರದ, ಮನುಷ್ಯರಿಗೂ ಮರ್ಯಾದೆ ಕೊಡದ ನ್ಯಾಯಾಧೀಶನ ಬಳಿ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದವಳು. ಆ ಸಾಮತಿಯನ್ನು ನಾವು ಪ್ರಾರ್ಥನೆಯ ಪಾಠವಾಗಿ ಮಾತ್ರ ಬೋಧಿಸುತ್ತೇವೆ. ಆಕೆ ನಿಂತದ್ದು ನ್ಯಾಯಾಲಯದ ಬಾಗಿಲಲ್ಲಿ ಎಂಬುದನ್ನು ಮರೆಯುತ್ತೇವೆ.

1893ರಲ್ಲಿ ಅವರು ಮೂರನೆಯ ಸಲ ಹೊರಟರು. ಈ ಸಲ ಬಂದದ್ದು ಸುಮಾರು 32,000 ಸಹಿ. ಅಂದರೆ ಆ ದೇಶದಲ್ಲಿದ್ದ ಯೂರೋಪ್ ಮೂಲದ ವಯಸ್ಕ ಹೆಂಗಸರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಮೋಟಾರು ಇಲ್ಲದ ಕಾಲ, ನದಿಗೆ ಸೇತುವೆ ಇಲ್ಲದ ಊರುಗಳು, ಒಂದು ಮನೆಯಿಂದ ಇನ್ನೊಂದು ಮನೆಗೆ ಮೈಲಿಗಟ್ಟಲೆ ದೂರ. ಹಾಳೆಗಳು ಅಂಚೆಯಲ್ಲಿ ಕೇಟ್ ಶೆಪರ್ಡರ ಮನೆಗೆ ಬಂದವು. ಅವರು ಮುಖ್ಯ ಅರ್ಜಿಯ 500ಕ್ಕೂ ಹೆಚ್ಚು ಹಾಳೆಗಳನ್ನು ಒಂದರ ತುದಿಗೆ ಇನ್ನೊಂದನ್ನು ಅಂಟಿಸಿ ಪೊರಕೆ ಕೋಲಿನ ತುಂಡಿಗೆ ಸುತ್ತಿದರು. ಬಿಚ್ಚಿದರೆ ಸುಮಾರು 270 ಮೀಟರ್ ಉದ್ದ! ಸಂಸತ್ತಿನಲ್ಲಿ ಅವರ ಪರ ನಿಂತಿದ್ದ ಹಿರಿಯ ಸದಸ್ಯ ಸರ್ ಜಾನ್ ಹಾಲ್ ಅದನ್ನು ಹೊತ್ತು ತಂದು ಸದನದ ನಡುದಾರಿಯಲ್ಲಿ ಉರುಳಿಸಿದರು. ಸುರುಳಿ ಬಿಚ್ಚುತ್ತ ಬಿಚ್ಚುತ್ತ ಹೋಗಿ ಕೊನೆಗೆ ಕೋಲು ಎದುರು ಗೋಡೆಗೆ ಬಡಿದು ಸದ್ದು ಮಾಡಿತಂತೆ. ಹೆಂಗಸರು ಒಳಗೆ ಕಾಲಿಟ್ಟು ಮಾತಾಡಲಾಗದ ಸದನದಲ್ಲಿ ಹೆಂಗಸರ ಪೊರಕೆ ಮಾಡಿದ ಸದ್ದು ಅದು.

ವಿರೋಧಿಗಳು ಸುಮ್ಮನಿರಲಿಲ್ಲ. ಡ್ಯುನೆಡಿನ್ನಿನ ರಾಜಕಾರಣಿ ಹೆನ್ರಿ ಫಿಶ್ ಕೂಲಿ ಕೊಟ್ಟು ಜನರನ್ನು ಮದ್ಯದಂಗಡಿಗಳಿಗೆ ಕಳುಹಿಸಿ ವಿರೋಧದ ಅರ್ಜಿಗೆ ಸಹಿ ಕೂಡಿಸಿದರು. ಅದರಲ್ಲಿ ಸುಳ್ಳು ಸಹಿಗಳು, ಮೋಸದಿಂದ ಪಡೆದ ಸಹಿಗಳು ಇವೆ ಎಂದು ಬಯಲಾಗಿ ಅವರ ಕೆಲಸ ಅವರಿಗೇ ಮುಳುವಾಯಿತು. ಮದ್ಯದ ವ್ಯಾಪಾರಿಗಳ ವಿರೋಧಕ್ಕೆ ಕಾರಣ ಲಾಭ, ಅದು ಅರ್ಥವಾಗುತ್ತದೆ. ಆದರೆ ದೈವಭಕ್ತರೂ ವಿರೋಧಿಸಿದರು. ದೇವರು ಹೆಣ್ಣಿಗೆ ಮನೆ ಕೊಟ್ಟಿದ್ದಾನೆ, ಗಂಡಿಗೆ ಲೋಕ ಕೊಟ್ಟಿದ್ದಾನೆ ಎಂಬ ವಾದ. ಈ ವಾದ ಮಾಡಿದವರೆಲ್ಲ ಕೆಟ್ಟವರಲ್ಲ. ತಾಯಿಯನ್ನು ಗೌರವಿಸುತ್ತೇವೆ ಎಂದೇ ಅವರು ನಂಬಿದ್ದರು. ಆದರೆ ಮರಿಯಮ್ಮನವರನ್ನು ಪೀಠದ ಮೇಲಿಟ್ಟು ಹೂ ಏರಿಸಿ, ಬಲಿಷ್ಠರನ್ನು ಸಿಂಹಾಸನದಿಂದ ಇಳಿಸುವ ದೇವರನ್ನು ಕೊಂಡಾಡಿದ ಅವರ ಬಾಯನ್ನು ಮಾತ್ರ ಮುಚ್ಚಿಸಿಟ್ಟಂತೆ ಆಯಿತು ಅದು. ನಮ್ಮ ಪೀಠಗಳಿಂದಲೂ ಬಹುಕಾಲ ಇಂಥ ಮಾತು ಕೇಳಿಬಂದಿದೆ ಎಂದು ಒಪ್ಪಿಕೊಳ್ಳಲು ಸಂಕೋಚ ಬೇಡ.

1893ರ ಏಪ್ರಿಲ್‌ನಲ್ಲಿ ಹೆಂಗಸರ ಪರವಾಗಿದ್ದ ಪ್ರಧಾನಿ ಜಾನ್ ಬ್ಯಾಲೆನ್ಸ್ ತೀರಿಕೊಂಡರು. ಅವರ ಜಾಗಕ್ಕೆ ಬಂದ ರಿಚರ್ಡ್ ಸೆಡನ್ ಒಂದು ಕಾಲದಲ್ಲಿ ಸ್ವತಃ ಮದ್ಯದಂಗಡಿ ನಡೆಸಿದ್ದವರು. ಕೆಳಮನೆಯಲ್ಲಿ ಮಸೂದೆಯನ್ನು ತಡೆಯಲಾಗದಿದ್ದರೂ ಮೇಲ್ಮನೆ ಹಿಂದಿನಂತೆ ತಳ್ಳಿಹಾಕುತ್ತದೆ ಎಂಬ ಲೆಕ್ಕ ಅವರದು. ಲೆಕ್ಕ ಸರಿಹೋಗುವುದಿಲ್ಲ ಎಂಬ ಅನುಮಾನ ಬಂದಾಗ ತಮ್ಮ ಪಕ್ಷದ ಸದಸ್ಯರೊಬ್ಬರಿಗೆ ತಂತಿ ಕಳುಹಿಸಿ ಮತ ಬದಲಿಸುವಂತೆ ಮಾಡಿದರು. ಈ ಕೈವಾಡ ಕಂಡು ವಿರೋಧ ಪಕ್ಷದ ಇಬ್ಬರು ಸದಸ್ಯರು ಕೆರಳಿದರು. ಅದುವರೆಗೆ ಮಸೂದೆಗೆ ವಿರುದ್ಧವಾಗಿದ್ದ ಆ ಇಬ್ಬರು, ಸೆಡನ್‌ಗೆ ಮುಖಭಂಗ ಮಾಡಲೆಂದೇ ಪರವಾಗಿ ಮತ ಹಾಕಿದರು. 20-18 ಬಂದದ್ದು ಹೀಗೆ. ಅವರಿಗೆ ಜ್ಞಾನೋದಯವಾಗಿತ್ತು ಎಂದಲ್ಲ. ಆದರೆ ಮೂವತ್ತೆರಡು ಸಾವಿರ ಹೆಸರುಗಳು ಮಸೂದೆಯನ್ನು ಆ ಅಂಚಿನವರೆಗೆ ತಂದಿರದಿದ್ದರೆ ಇಬ್ಬರ ಸಿಟ್ಟಿನಿಂದ ಏನೂ ಆಗುತ್ತಿರಲಿಲ್ಲ. ಪರವಾಗಿದ್ದ ಸದಸ್ಯರಿಗೆ ಹೆಂಗಸರು ಬಿಳಿಯ ಕಮೇಲಿಯಾ ಹೂ ಕೊಟ್ಟಿದ್ದರು, ವಿರೋಧಿಗಳು ಕೆಂಪು ಹೂ ಮುಡಿದಿದ್ದರು. ಸೆಪ್ಟೆಂಬರ್ 19ರಂದು ರಾಜ್ಯಪಾಲರು ಅಂಕಿತ ಹಾಕಿದರು.

ಚುನಾವಣೆಗೆ ಉಳಿದಿದ್ದದ್ದು ಹತ್ತೇ ವಾರ. ಹೆಂಗಸರಿಗೆ ನಿಜವಾಗಿ ಮತ ಬೇಕಾಗಿಲ್ಲ, ಕೆಲವು ಗಯ್ಯಾಳಿಗಳ ಗಲಾಟೆ ಇದು ಎಂದವರಿಗೆ ಆ ಹತ್ತು ವಾರಗಳೇ ಉತ್ತರ ಕೊಟ್ಟವು. 1,09,461 ಹೆಂಗಸರು ಮತದಾರರ ಪಟ್ಟಿಗೆ ಹೆಸರು ಸೇರಿಸಿದರು. ನವೆಂಬರ್ 28ರಂದು 90,290 ಮಂದಿ ಬಂದು ಮತ ಹಾಕಿದರು. ಮತಗಟ್ಟೆಯಲ್ಲಿ ಹೆಂಗಸರಿಗೆ ಪುಂಡರ ಕಾಟವಾಗುತ್ತದೆ ಎಂದು ಹೆದರಿಸಿದ್ದರು. ಆ ದಿನ ಹಿಂದಿನ ಚುನಾವಣೆಗಳಿಗಿಂತ ಶಾಂತವಾಗಿ ಕಳೆಯಿತು. ಮಾರನೆಯ ದಿನವೇ ಒನೆಹುಂಗಾ ಎಂಬ ಊರಿನಲ್ಲಿ ಎಲಿಜಬೆತ್ ಯೇಟ್ಸ್ ಮೇಯರ್ ಆಗಿ ಆರಿಸಿಬಂದರು. ಬ್ರಿಟಿಷ್ ಸಾಮ್ರಾಜ್ಯದಲ್ಲೇ ಅವರು ಮೊದಲ ಮಹಿಳಾ ಮೇಯರ್.

ಇಲ್ಲಿ ಇನ್ನೊಬ್ಬ ಮಹಿಳೆಯನ್ನು ನೆನೆಯದೆ ಮುಂದೆ ಹೋಗಲಾರೆ. ಆಕ್ಲೆಂಡಿನ ಸಂತ ಮರಿಯಮ್ಮನವರ ಕಾನ್ವೆಂಟಿನಲ್ಲಿ ಕಲಿತ ಮಾವೊರಿ ಯುವತಿ ಮೆರಿ ತೆ ತಾಯ್ ಮಂಗಾಕಾಹಿಯಾ. ಮಾವೊರಿ ಜನ ಆಗ 'ತೆ ಕೊಟಾಹಿಟಂಗಾ' ಎಂಬ ತಮ್ಮದೇ ಸಂಸತ್ತನ್ನು ನಡೆಸುತ್ತಿದ್ದರು. ಸರಕಾರದ ಮನ್ನಣೆ ಅದಕ್ಕಿರಲಿಲ್ಲ. 1893ರ ಮೇ 18ರಂದು, ಇಪ್ಪತ್ತೈದರ ಆಸುಪಾಸಿನ ಮೆರಿ ವೈಪಾತುವಿನಲ್ಲಿ ಸೇರಿದ್ದ ಆ ಸಭೆಯ ಮುಂದೆ ನಿಂತು ಮಾತಾಡಿದರು. ಹೆಂಗಸರಿಗೆ ಮತ ಮಾತ್ರವಲ್ಲ, ಸಭೆಯಲ್ಲಿ ಸದಸ್ಯತ್ವವೂ ಬೇಕು ಎಂದು ಕೇಳಿದರು. ಕೇಟ್ ಶೆಪರ್ಡರ ಅರ್ಜಿ ಅಷ್ಟು ದೂರ ಹೋಗಿರಲಿಲ್ಲ. ಮೆರಿಯವರ ವಾದ ಕುಡಿತದ ಬಗ್ಗೆ ಅಲ್ಲ, ಭೂಮಿಯ ಬಗ್ಗೆ. ನಮ್ಮಲ್ಲಿ ಎಷ್ಟೋ ಹೆಂಗಸರು ಭೂಮಿಯ ಒಡತಿಯರು, ತಂದೆ ಇಲ್ಲದವರಿದ್ದಾರೆ, ಗಂಡ ಇಲ್ಲದವರಿದ್ದಾರೆ, ಗಂಡಸರು ರಾಣಿಗೆ ಎಷ್ಟು ಮೊರೆಯಿಟ್ಟರೂ ಫಲ ಸಿಕ್ಕಿಲ್ಲ, ಒಬ್ಬ ಹೆಂಗಸಾದ ರಾಣಿ ಹೆಂಗಸರ ಮೊರೆ ಕೇಳಿಯಾಳು ಎಂಬುದು ಅವರ ಮಾತಿನ ಸಾರ. ಹಳೆಯ ಒಡಂಬಡಿಕೆಯಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಭೂಮಿಯಲ್ಲಿ ಪಾಲು ಕೇಳಿದ್ದನ್ನು ಬಲ್ಲವರಿಗೆ ಇದು ಹೊಸ ದನಿ ಅನ್ನಿಸದು. ಅಂದು ಮೆರಿಯವರ ಬೇಡಿಕೆಯನ್ನು ಸಭೆ ಬದಿಗಿಟ್ಟಿತು. 1897ರಲ್ಲಿ ಆ ಮಾವೊರಿ ಸಂಸತ್ತಿನ ಆಯ್ಕೆಯಲ್ಲಿ ಹೆಂಗಸರಿಗೂ ಮತ ಸಿಕ್ಕಿತು. ವೆಲ್ಲಿಂಗ್ಟನ್ನಿನ 1893ರ ಕಾನೂನಿನಲ್ಲಂತೂ ಮಾವೊರಿ ಹೆಂಗಸರೂ ಸೇರಿದ್ದರು.

ಎಲ್ಲವೂ ಈಡೇರಿತು ಎಂದುಕೊಳ್ಳಬಾರದು. ಪ್ರಜೆಗಳೆಂದು ನೋಂದಾಯಿಸಿಕೊಳ್ಳದ ಚೀನೀಯರು ಹೊರಗೇ ಉಳಿದರು. ಹೆಂಗಸರು ಸಂಸತ್ತಿಗೆ ಸ್ಪರ್ಧಿಸಲು 1919 ಬರಬೇಕಾಯಿತು. ಎಲಿಜಬೆತ್ ಮೆಕೂಂಬ್ಸ್ ಗೆದ್ದು ಒಳಗೆ ಕುಳಿತದ್ದು 1933ರಲ್ಲಿ. ಕೇಟ್ ಶೆಪರ್ಡ್ ಅದನ್ನು ನೋಡಿ, ಮರುವರ್ಷ ತೀರಿಕೊಂಡರು. ಇನ್ನು ಯಾವ ಕುಡಿತವನ್ನು ನಿಲ್ಲಿಸಲು ಮತ ಕೇಳಿದರೋ ಆ ಪೂರ್ಣ ಪಾನನಿಷೇಧ ನ್ಯೂಜಿಲೆಂಡಿಗೆ ಬರಲೇ ಇಲ್ಲ. ಕೇಳಿದ ಕಾರಣ ಸೋತಿತು, ಕೇಳಿದ ಹಕ್ಕು ಉಳಿಯಿತು. ಆ ಅರ್ಜಿಯ ಸುರುಳಿ ಇಂದಿಗೂ ವೆಲ್ಲಿಂಗ್ಟನ್ನಿನಲ್ಲಿದೆ. 2017ರಿಂದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಮೊಮ್ಮಕ್ಕಳ ಮಕ್ಕಳು ಬಂದು ತಮ್ಮ ಮನೆತನದ ಅಜ್ಜಿಯ ಹೆಸರು ಹುಡುಕುತ್ತಾರೆ.

ಈ ಬಿಳಿ ರಿಬ್ಬನ್ನಿನ ಎಳೆ ನಮ್ಮ ನೆಲದ ಮಗಳೊಬ್ಬಳನ್ನೂ ಮುಟ್ಟಿತ್ತು. ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನ ಸಿಟ್ಟಿಗೆ ಗುರಿಯಾದವರು. ಬರಗಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ರಮಾಬಾಯಿ ಪಾಂಡಿತ್ಯದಿಂದ ಕಲ್ಕತ್ತೆಯನ್ನು ಬೆರಗುಗೊಳಿಸಿ, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು, 1886ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಮೇರಿ ಲೆವಿಟ್ ಸೇರಿದ್ದ ಅದೇ ಪಾನನಿರೋಧ ಸಂಘದ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ಅವರ ಸ್ನೇಹವಾಯಿತು. ಹಿಂದಿರುಗಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದೇ ವರ್ಷ ಅಲ್ಲೇ ಸೇರಿದ ಕಾಂಗ್ರೆಸ್ ಅಧಿವೇಶನಕ್ಕೆ ಬಂದ ಮೊತ್ತಮೊದಲ ಮಹಿಳಾ ಪ್ರತಿನಿಧಿಗಳಲ್ಲಿ ಅವರೂ ಒಬ್ಬರು.

ನಮ್ಮಲ್ಲಿ ಮತದ ಬೇಡಿಕೆ ಎದ್ದದ್ದು ಇನ್ನೂ ತಡವಾಗಿ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ಮಹಿಳೆಯರ ನಿಯೋಗ ಮದ್ರಾಸಿನಲ್ಲಿ ಮಂತ್ರಿ ಮಾಂಟೆಗು ಅವರನ್ನು ಕಂಡಿತು. ಅದನ್ನು ಕೂಡಿಸಿದವರು ಐರ್ಲೆಂಡಿನಲ್ಲಿ ಇದೇ ಹಕ್ಕಿಗಾಗಿ ಸೆರೆಮನೆ ಕಂಡು ಬಂದಿದ್ದ ಮಾರ್ಗರೆಟ್ ಕಸಿನ್ಸ್. 1921ರಲ್ಲಿ ಮದ್ರಾಸ್ ಪ್ರಾಂತ್ಯ ಹೆಂಗಸರಿಗೆ ಮತ ಕೊಟ್ಟಿತು. ದಕ್ಷಿಣ ಕನ್ನಡ ಆಗ ಆ ಪ್ರಾಂತ್ಯದಲ್ಲೇ ಇತ್ತು. ಆಸ್ತಿಯ ಷರತ್ತಿನಿಂದಾಗಿ ಮತ ಸಿಕ್ಕಿದ್ದು ಕೆಲವರಿಗೆ ಮಾತ್ರ. 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಅವರನ್ನು ಕಣಕ್ಕಿಳಿಸಲು ಒತ್ತಾಸೆಯಾಗಿ ನಿಂತವರೂ ಮಾರ್ಗರೆಟ್ ಕಸಿನ್ಸ್ ಅವರೇ.

ಸ್ವತಂತ್ರ ಭಾರತದ ಸಂವಿಧಾನ ಎಲ್ಲ ವಯಸ್ಕ ಹೆಂಗಸರಿಗೂ ಒಮ್ಮೆಲೇ ಮತ ಕೊಟ್ಟಿತು. ಅರ್ಜಿ ಹಿಡಿದು ತಿರುಗುವ ಕಷ್ಟ ನಮ್ಮ ಬಹುಪಾಲು ತಾಯಂದಿರಿಗೆ ಬರಲಿಲ್ಲ. ಬಂದ ಕಷ್ಟ ಬೇರೆ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡಲು ಹೋದವರಿಗೆ ಉತ್ತರ ಭಾರತದ ಹಲವು ರಾಜ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಮತದಾರರಾಗಲು ಬರುವುದಿಲ್ಲ ಎಂದು ಚುನಾವಣಾ ಆಯುಕ್ತ ಸುಕುಮಾರ್ ಸೆನ್ ಪಟ್ಟು ಹಿಡಿದರು. ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ನಮ್ಮ ದೇವಾಲಯಗಳ ದೀಕ್ಷಾಸ್ನಾನದ ದಾಖಲೆಯಲ್ಲಿ ಹುಟ್ಟಿದ ಪ್ರತಿ ಹೆಣ್ಣುಮಗುವಿನ ಹೆಸರನ್ನೂ ಆಕೆಯ ತಾಯಿಯ ಹೆಸರನ್ನೂ ಬರೆಯುವ ನನಗೆ ಈ ಸಂಖ್ಯೆ ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಸೆನ್ ಅವರ ನಿರ್ಧಾರ ಕಠಿಣವೆಂದು ಅಂದು ಹಲವರು ಟೀಕಿಸಿದರು. 1957ರ ಎರಡನೆಯ ಮಹಾಚುನಾವಣೆಗೆ ಮುನ್ನ ಪಟ್ಟಿಯನ್ನು ತಿದ್ದುವಾಗ ಅವರಲ್ಲಿ ಬಹಳ ಮಂದಿ ತಮ್ಮ ಸ್ವಂತ ಹೆಸರಿನಲ್ಲೇ ಸೇರಿಕೊಂಡರು.